ಜೇಬಿನಲ್ಲಿ ಮಡಚಿಟ್ಟ ಟೋಪಿ

ನಮ್ಮ ಊರುಗಳ ಹೆಚ್ಚಿನ ಮಸೀದಿಗಳಲ್ಲಿ ವುಝೂ ಮಾಡುವ ಕೊಳದಿಂದ ಒಳಗೆ ಬರುವ ದಾರಿಯಲ್ಲಿ ಒಂದು ಬುಟ್ಟಿಯನ್ನು ಇಟ್ಟಿರುತ್ತಾರೆ. ಅದರ ತುಂಬ ಪ್ಲಾಸ್ಟಿಕ್ ಎಳೆಗಳಿಂದ ಹೆಣೆದ ಟೋಪಿಗಳು. ಬರಿತಲೆಯಲ್ಲಿ ಬಂದವರು ಕೈಗೆ ಸಿಕ್ಕ ಒಂದನ್ನು ತಲೆಯ ಮೇಲಿಟ್ಟು ನಮಾಝ್‌ಗೆ ನಿಲ್ಲುತ್ತಾರೆ; ಸಲಾಮ್ ಹೇಳಿದೊಡನೆ ತೆಗೆದು ಮತ್ತೆ ಬುಟ್ಟಿಗೆ ಹಾಕುತ್ತಾರೆ. ಅವುಗಳಲ್ಲಿ ಕೆಲವು ಅಂಚು ಹರಿದವು, ಕೆಲವು ಅದೆಷ್ಟೋ ಮಂದಿಯ ಬೆವರು ಮತ್ತು ತಲೆಯೆಣ್ಣೆಯನ್ನು ಹೀರಿ ಹಳದಿಯಾದವು. ಒಬ್ಬರಿಗೆ ಬಿಗಿಯಾದದ್ದು ಇನ್ನೊಬ್ಬರ ಕಿವಿಯವರೆಗೆ ಇಳಿಯುತ್ತದೆ. ಸುಜೂದ್‌ಗೆ ಬಾಗಿದಾಗ ಅದು ಜಾರಿ ಮುಂದಿನ ಸಫ್‌ನವರ ಕಾಲಬುಡಕ್ಕೆ ಉರುಳುವುದೂ ಉಂಟು. ಅದೇ ವ್ಯಕ್ತಿ ಮದುವೆಯ ಔತಣಕ್ಕೆ ಹೊರಡುವಾಗ ಅಂಗಿಯ ಇಸ್ತ್ರಿಯನ್ನು ಎರಡು ಬಾರಿ ನೋಡಿಕೊಳ್ಳುತ್ತಾನೆ, ಚಪ್ಪಲಿಯ ಧೂಳನ್ನು ಒರೆಸಿಕೊಳ್ಳುತ್ತಾನೆ.

ಬುಟ್ಟಿಯ ಟೋಪಿಯನ್ನು ತೊಡದವರಲ್ಲಿ ಅನೇಕರ ಜೇಬಿನಲ್ಲಿ ಅವರದೇ ಆದ ಒಂದು ಟೋಪಿ ಇರುತ್ತದೆ. ನಾಲ್ಕು ಮಡಿಕೆಯಾಗಿ, ಕೈವಸ್ತ್ರ ಮತ್ತು ಬಸ್ ಟಿಕೆಟಿನ ನಡುವೆ ನಲುಗಿ, ದಿನಕ್ಕೆ ಐದು ಬಾರಿ ಹೊರಬಂದು ಹತ್ತು ನಿಮಿಷ ತಲೆಯ ಮೇಲೆ ಕುಳಿತು ಮತ್ತೆ ಒಳಸೇರುವ ಟೋಪಿ ಅದು. ಮಾರುಕಟ್ಟೆಯೂ ಇದಕ್ಕೆ ತಕ್ಕಂತೆಯೇ ಸಾಗಿದೆ. ಜೇಬಿನಲ್ಲಿರುವುದಕ್ಕೆ ಆಕಾರವೇಕೆ, ಒಳಬಟ್ಟೆಯೇಕೆ, ಕೈಹೊಲಿಗೆಯೇಕೆ? ತೆಳುವಾದ ನೈಲಾನ್ ಬಟ್ಟೆಗೆ ಯಂತ್ರದ ಹೊಲಿಗೆ ಹಾಕಿದರೆ ಸಾಕು. ರಮಝಾನ್‌ನಲ್ಲಿ ಬೆಂಗಳೂರಿನ ಶಿವಾಜಿನಗರದಲ್ಲಾಗಲಿ ಮಂಗಳೂರಿನ ಬಂದರು ಪ್ರದೇಶದಲ್ಲಾಗಲಿ ಅಂಗಡಿಗಳ ಮುಂದೆ ರಾಶಿ ರಾಶಿಯಾಗಿ ತೂಗುವ ಟೋಪಿಗಳಲ್ಲಿ ಬಹುಪಾಲು ಇಂಥವೇ. ಈದ್ ಕಳೆದ ಎರಡು ತಿಂಗಳಲ್ಲಿ ಅವು ಕಸದ ಪಾಲಾಗುತ್ತವೆ. ಮುಂದಿನ ವರ್ಷ ಮತ್ತೆ ಹೊಸದು. ಒಬ್ಬ ಮನುಷ್ಯ ತನ್ನ ಜೀವಮಾನದಲ್ಲಿ ಇಂತಹ ಐವತ್ತು ಟೋಪಿಗಳನ್ನು ಕೊಳ್ಳುವ ಬದಲು ಚೆನ್ನಾಗಿ ಮಾಡಿದ ನಾಲ್ಕೈದನ್ನು ಕೊಂಡು, ಅವುಗಳನ್ನು ಬಟ್ಟೆಯಂತೆಯೇ ದಿನವಿಡೀ ತೊಡುವುದು ಎಲ್ಲ ರೀತಿಯಿಂದಲೂ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲಿಗೆ ಧಾರ್ಮಿಕ ವಿಧಿಯ ಮಾತು. ಪುರುಷರು ನಮಾಝ್‌ನಲ್ಲಿ ತಲೆ ಮುಚ್ಚುವುದು ಕಡ್ಡಾಯವಲ್ಲ. ಬರಿತಲೆಯಲ್ಲಿ ನಿರ್ವಹಿಸಿದ ನಮಾಝ್ ಸಿಂಧುವಾಗುತ್ತದೆ. ಆದರೆ ಕೇವಲ ಆಲಸ್ಯದಿಂದ ಬರಿತಲೆಯಲ್ಲಿ ನಿಲ್ಲುವುದನ್ನು ಹನಫೀ ವಿದ್ವಾಂಸರು ಕರಾಹತ್ ಎಂದಿದ್ದಾರೆ. ಕರಾವಳಿಯ ನಮ್ಮ ಸಹೋದರರು ಅನುಸರಿಸುವ ಶಾಫಿಈ ಮದ್ಹಬ್‌ನಲ್ಲಿಯೂ ತಲೆ ಮುಚ್ಚುವುದು ಉತ್ತಮವೆನಿಸಿದೆ. ಮಕ್ಕಾ ವಿಜಯದ ದಿನ ಪ್ರವಾದಿ ಮುಹಮ್ಮದ್(ಸ) ರವರು ಕಪ್ಪು ಮುಂಡಾಸು ಧರಿಸಿ ನಗರವನ್ನು ಪ್ರವೇಶಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಇನ್ನೊಂದೆಡೆ ಇಹ್ರಾಮ್‌ನಲ್ಲಿರುವ ಪುರುಷನು ತಲೆ ಮುಚ್ಚುವಂತಿಲ್ಲ. ಕಅಬಾದ ಸುತ್ತ ದೊರೆಯೂ ಕೂಲಿಯವನೂ ಬರಿತಲೆಯಲ್ಲೇ ಸುತ್ತುತ್ತಾರೆ. ಹೀಗಾಗಿ ಟೋಪಿಯನ್ನು ಈಮಾನಿನ ಅಳತೆಗೋಲಾಗಿ ಮಾಡಿಕೊಳ್ಳಲು ಯಾರಿಗೂ ಅಧಿಕಾರವಿಲ್ಲ. ಮಸೀದಿಗೆ ಬಂದ ತರುಣನನ್ನು ಟೋಪಿಯಿಲ್ಲದ ಕಾರಣಕ್ಕೆ ಎಲ್ಲರೆದುರು ಗದರಿಸುವ ಹಿರಿಯರು ಇದನ್ನು ಗಮನಿಸಬೇಕು. ಆ ಬೈಗುಳದ ಫಲವಾಗಿಯೇ ಬುಟ್ಟಿ ತುಂಬಿದೆ ಎಂದರೂ ತಪ್ಪಾಗದು.

ಕಡ್ಡಾಯವಲ್ಲದ್ದನ್ನು ಹೇಗಾದರೂ ಮಾಡಿ ಮುಗಿಸಬಹುದು ಎಂಬುದು ಮಾತ್ರ ನಮ್ಮ ಧರ್ಮದ ಸ್ವಭಾವವಲ್ಲ. ಸೂರಃ ಅಲ್ ಅಅ್‌ರಾಫ್‌ನ 31ನೇ ಸೂಕ್ತವು ಪ್ರತಿಯೊಂದು ಆರಾಧನೆಯ ವೇಳೆಯಲ್ಲೂ ಅಲಂಕಾರವನ್ನು ಧರಿಸಿರಬೇಕೆಂದು ಆದಮರ ಸಂತತಿಗೆ ಆದೇಶಿಸುತ್ತದೆ. ಅದೇ ಸೂಕ್ತವು ದುಂದುಗಾರಿಕೆಯನ್ನೂ ನಿಷೇಧಿಸುತ್ತದೆ. ಕೆದರಿದ ತಲೆಯ ಒಬ್ಬ ವ್ಯಕ್ತಿಯನ್ನೂ ಕೊಳಕು ಬಟ್ಟೆಯ ಇನ್ನೊಬ್ಬನನ್ನೂ ಕಂಡಾಗ, ಇವರಿಗೆ ಕೂದಲು ಸರಿಪಡಿಸಿಕೊಳ್ಳಲು, ಬಟ್ಟೆ ಒಗೆದುಕೊಳ್ಳಲು ಏನೂ ಸಿಗಲಿಲ್ಲವೇ ಎಂದು ಪ್ರವಾದಿ(ಸ) ಕೇಳಿದ್ದು ಅಬೂದಾವೂದ್‌ನಲ್ಲಿದೆ. ಅಲಂಕಾರ ಮತ್ತು ಮಿತವ್ಯಯಗಳೆರಡೂ ಒಂದೇ ಆದೇಶದಲ್ಲಿ ಕೂಡಿ ಬಂದಿರುವಾಗ, ಅಗ್ಗದ್ದೆಂಬ ಒಂದೇ ಕಾರಣಕ್ಕೆ ಕೊಳಕಾದದ್ದನ್ನು ತಲೆಗೇರಿಸಿಕೊಳ್ಳುವುದು ಮಿತವ್ಯಯವಾಗುವುದು ಹೇಗೆ?

ಒಳ್ಳೆಯ ಟೋಪಿ ಎಂದೊಡನೆ ಕೆಲವರು ಒಂದು ನಿರ್ದಿಷ್ಟ ಆಕಾರಕ್ಕಾಗಿ ವಾದಕ್ಕಿಳಿಯುತ್ತಾರೆ. ಇತಿಹಾಸವನ್ನು ನೋಡಿದರೆ ಆ ವಾದ ನಿಲ್ಲುವುದಿಲ್ಲ. ಕುಚ್ಚು ಇಳಿಬಿಟ್ಟ ಕೆಂಪು ಫೆಝ್ ಅನ್ನು, ನಮ್ಮವರು ರೂಮಿ ಟೋಪಿ ಎಂದು ಕರೆಯುತ್ತಿದ್ದುದನ್ನು, 1829ರಲ್ಲಿ ಉಸ್ಮಾನೀ ಸುಲ್ತಾನ ಎರಡನೆಯ ಮಹ್ಮೂದ್ ತನ್ನ ಅಧಿಕಾರಿಗಳಿಗೆ ಕಡ್ಡಾಯ ಮಾಡಿದನು. ಆಗ ಮುಂಡಾಸನ್ನು ಬಿಡಲೊಪ್ಪದವರು ಅದನ್ನು ಹೊಸ ಅನಾಚಾರವೆಂದೇ ವಿರೋಧಿಸಿದ್ದರು. ನೂರು ವರ್ಷ ತುಂಬುವ ಮೊದಲೇ, 1925ರ ನವೆಂಬರ್ 25ರಂದು, ತುರ್ಕಿಯ ಗಣರಾಜ್ಯವು ಅದೇ ಫೆಝ್ ಅನ್ನು ನಿಷೇಧಿಸಿ ಅಂಚುಳ್ಳ ಐರೋಪ್ಯ ಹ್ಯಾಟನ್ನು ಕಾನೂನಿನ ಮೂಲಕ ಹೇರಿತು. ಈ ಬಾರಿ ಜನರು ಫೆಝ್ ಅನ್ನೇ ಧರ್ಮದ ಗುರುತೆಂದು ಬಗೆದು ಹೋರಾಡಿದರು. ಹ್ಯಾಟಿನ ವಿರುದ್ಧ ಕಿರುಪುಸ್ತಕ ಬರೆದಿದ್ದ ವಿದ್ವಾಂಸ ಇಸ್ಕಿಲಿಪ್ಲಿ ಆತಿಫ್ ಹೋಜಾರನ್ನು 1926ರಲ್ಲಿ ಗಲ್ಲಿಗೇರಿಸಲಾಯಿತು. ಆ ಪುಸ್ತಕ ಹೊರಬಂದದ್ದು ಕಾನೂನಿಗಿಂತ ಮೊದಲು, 1924ರಲ್ಲಿ. ತಲೆಯ ಮೇಲಿನ ಒಂದು ವಸ್ತುವಿಗಾಗಿ ಸರಕಾರವೊಂದು ತಲೆಯನ್ನೇ ತೆಗೆದ ಈ ಘಟನೆಯನ್ನು ಓದಿದಾಗ ಯಾರಿಗಾದರೂ ನೋವಾಗದಿರದು. ಆದರೂ ಅಜ್ಜನ ಕಾಲಕ್ಕೆ ಅನಾಚಾರವಾಗಿದ್ದದ್ದು ಮೊಮ್ಮಗನ ಕಾಲಕ್ಕೆ ಪವಿತ್ರವಾಯಿತು ಎಂಬುದನ್ನೂ ಕಾಣದಿರಲಾಗದು.

ಆಕಾರದಲ್ಲಿ ಅರ್ಥವೇ ಇಲ್ಲವೆಂದಲ್ಲ. ಮುಸ್ಲಿಮ್ ಸಮಾಜಗಳ ಟೋಪಿಗಳಲ್ಲಿ ಬಹುಮಟ್ಟಿಗೆ ಎಲ್ಲಕ್ಕೂ ಮುಂದಂಚು ಇಲ್ಲದಿರುವುದಕ್ಕೆ ಕಾರಣ ಸರಳವಾಗಿದೆ: ಸುಜೂದ್‌ನಲ್ಲಿ ಹಣೆಯು ನೆಲವನ್ನು ಮುಟ್ಟಬೇಕು. ತುರ್ಕಿಯಲ್ಲಿ ಕಾನೂನು ಬಂದ ಮೇಲೆ ಮುಂದಂಚಿನ ಕ್ಯಾಪ್ ತೊಟ್ಟ ಬಡ ರೈತರು ಮಸೀದಿಯಲ್ಲಿ ಅದನ್ನು ಹಿಂದುಮುಂದಾಗಿ ತಿರುಗಿಸಿಕೊಂಡು ನಮಾಝ್ ಮಾಡುತ್ತಿದ್ದರು. ಇಂದು ನಮ್ಮ ಕಾಲೇಜು ಹುಡುಗರು ಕ್ರಿಕೆಟ್ ಕ್ಯಾಪನ್ನು ಹಾಗೆಯೇ ತಿರುಗಿಸಿ ಸಫ್‌ನಲ್ಲಿ ನಿಂತರೆ ಹುಬ್ಬುಗಂಟಿಕ್ಕುವವರು ಆ ರೈತರನ್ನು ನೆನೆಯಲಿ.

ಚೆನ್ನಾಗಿ ಮಾಡಿದ ಟೋಪಿ ಎಂದರೇನು ಎಂಬುದಕ್ಕೆ ಟ್ಯುನೀಷಿಯಾದ ಶೇಶಿಯಾಕ್ಕಿಂತ ಉತ್ತಮ ಉದಾಹರಣೆ ನನಗೆ ಗೊತ್ತಿಲ್ಲ. 1609ರಲ್ಲಿ ಸ್ಪೇನಿನ ದೊರೆ ಮೂರನೆಯ ಫಿಲಿಪ್, ಬಲವಂತದಿಂದ ಮತಾಂತರಗೊಂಡಿದ್ದ ಆಂದಲೂಸ್‌ನ ಮುಸ್ಲಿಮರ ವಂಶಜರನ್ನು ದೇಶದಿಂದಲೇ ಹೊರಗಟ್ಟತೊಡಗಿದನು. ಮನೆ, ಹೊಲ, ತೋಟಗಳನ್ನು ಬಿಟ್ಟು ಹಡಗು ಹತ್ತಿದ ಸಾವಿರಾರು ಕುಟುಂಬಗಳು ಟ್ಯುನಿಸ್‌ನಲ್ಲಿ ಇಳಿದವು. ಅವರಿಂದ ಯಾರೂ ಕಸಿದುಕೊಳ್ಳಲಾಗದೆ ಉಳಿದದ್ದು ಕೈಯ ಕಸುಬು. ಉಣ್ಣೆಯ ಕೆಂಪು ಟೋಪಿಯನ್ನು ಮಾಡುವ ಕಸುಬನ್ನು ಅವರು ಅಲ್ಲಿ ದೊಡ್ಡ ಉದ್ಯಮವಾಗಿ ಬೆಳೆಸಿದರು. ಅವರ ಪೇಟೆಗಳು ಟ್ಯುನಿಸ್‌ನ ಹಳೆಯ ನಗರದಲ್ಲಿ ಝೈತೂನಾ ಮಸೀದಿಗೆ ಸಮೀಪದಲ್ಲಿ ಇಂದಿಗೂ ಇವೆ.

ಒಂದು ಶೇಶಿಯಾ ಸಿದ್ಧವಾಗುವ ದಾರಿಯನ್ನು ಗಮನಿಸಬೇಕು. ಅರಿಯಾನಾದ ಮಹಿಳೆಯರು ತಮ್ಮ ಮನೆಗಳಲ್ಲಿ ಬಿಳಿಯ ಉಣ್ಣೆಯಿಂದ ತಲೆಗಿಂತ ಬಹಳ ದೊಡ್ಡದಾದ, ಸಡಿಲವಾದ ಟೋಪಿಯನ್ನು ಹೆಣೆಯುತ್ತಾರೆ. ಅದು ಮೆಜೆರ್ದಾ ನದಿಯ ದಂಡೆಯ ಅಲ್ ಬತ್ತಾನ್‌ಗೆ ಹೋಗುತ್ತದೆ. ಅಲ್ಲಿ ಬಿಸಿನೀರು ಮತ್ತು ಸಾಬೂನಿನಲ್ಲಿ ಅದನ್ನು ಬಡಿದು ಬಡಿದು ಕುಗ್ಗಿಸುತ್ತಾರೆ. ಹೆಣಿಗೆಯ ಕಣ್ಣುಗಳು ಮುಚ್ಚಿಕೊಂಡು ಉಣ್ಣೆಯು ದಪ್ಪನೆಯ ಒಂದೇ ಹಾಳೆಯಂತಾಗುತ್ತದೆ. ಅನಂತರ ಅಲ್ ಆಲಿಯಾದಲ್ಲಿ ಮುಳ್ಳುಗಿಡದ ಒಣಗಿದ ಹೂದಲೆಯಿಂದ ಉಜ್ಜಿ ಅದರ ಮೇಲ್ಮೈಯ ನವಿರನ್ನು ಎಬ್ಬಿಸುತ್ತಾರೆ. ಬಣ್ಣ ಹಾಕುವುದು ಝಗ್ವಾನ್‌ನಲ್ಲಿ, ಏಕೆಂದರೆ ಆ ಬೆಟ್ಟದ ಬುಗ್ಗೆಯ ನೀರಿನಲ್ಲಿ ಕೆಂಪು ಚೆನ್ನಾಗಿ ಹಿಡಿಯುತ್ತದೆಂಬ ಹೆಸರಿದೆ. ಕೊನೆಗೆ ಟ್ಯುನಿಸ್‌ಗೆ ಮರಳಿ ಬಂದು, ಅಚ್ಚಿನ ಮೇಲೆ ಕುಳಿತು, ಮತ್ತೆ ಮತ್ತೆ ಉಜ್ಜಿಸಿಕೊಂಡು ಆಕಾರ ಪಡೆಯುತ್ತದೆ. ಹೀಗೆ ಹಲವು ಊರುಗಳ ಕೈಗಳನ್ನು ದಾಟಿ ಬರುವ ಈ ಟೋಪಿ ಮಳೆಗೆ ಕುಗ್ಗುವುದಿಲ್ಲ, ಬಿಸಿಲಿಗೆ ಸುಲಭವಾಗಿ ಮಾಸುವುದಿಲ್ಲ. ವರ್ಷಗಟ್ಟಲೆ ಬಾಳುತ್ತದೆ. ಅದನ್ನು ತೊಡುವವನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಲಾರ.

ಅಗ್ಗದ ಸರಕು ಇಂತಹ ಕಸುಬನ್ನು ಏನು ಮಾಡುತ್ತದೆ ಎಂಬುದಕ್ಕೂ ಫೆಝ್‌ನ ಕಥೆಯೇ ಸಾಕ್ಷಿ. 19ನೇ ಶತಮಾನದಲ್ಲಿ ಆಸ್ಟ್ರಿಯಾ ಸಾಮ್ರಾಜ್ಯದ ಕಾರ್ಖಾನೆಗಳು, ವಿಶೇಷವಾಗಿ ಬೊಹೆಮಿಯಾದ ಸ್ಟ್ರಾಕೊನಿಟ್ಸೆ ಪಟ್ಟಣದವು, ಯಂತ್ರದಿಂದ ಫೆಝ್ ತಯಾರಿಸಿ ಪೂರ್ವದ ದೇಶಗಳಿಗೆಲ್ಲ ಕಳುಹಿಸತೊಡಗಿದವು. 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ನುಂಗಿಕೊಂಡಾಗ ಇಸ್ತಾಂಬುಲ್‌ನ ಜನರು ಆಸ್ಟ್ರಿಯಾದ ಸರಕುಗಳನ್ನು ಬಹಿಷ್ಕರಿಸಲು ತೀರ್ಮಾನಿಸಿದರು. ಆಗ ಮೊದಲು ಕೆಳಗಿಳಿಯಬೇಕಾಗಿ ಬಂದದ್ದು ಅವರದೇ ತಲೆಯ ಮೇಲಿದ್ದ ಫೆಝ್! ತಮ್ಮ ಗುರುತೆಂದು ಹೆಮ್ಮೆಯಿಂದ ತೊಟ್ಟಿದ್ದ ವಸ್ತು ತಮ್ಮ ನೆಲವನ್ನು ಕಸಿದವನ ಕಾರ್ಖಾನೆಯಿಂದ ಬಂದದ್ದು. ಜನರು ಅವುಗಳನ್ನು ಹರಿದು ಹಾಕಿ ಬಿಳಿಯ ಉಣ್ಣೆಯ ಟೋಪಿಗಳನ್ನು ತೊಟ್ಟರು. ಇಂದು ನಾವು ಕೊಳ್ಳುವ ಟೋಪಿಯ ಒಳಗಿನ ಚೀಟಿಯನ್ನು ಎಷ್ಟು ಮಂದಿ ಓದಿದ್ದೇವೆ?

ರೂಮಿ ಟೋಪಿ ನಮಗೂ ಅಪರಿಚಿತವಲ್ಲ. ಅಲೀಗಢದ ಕಾಲೇಜಿನ ವಿದ್ಯಾರ್ಥಿಗಳು ಅದನ್ನು ಕರಿಯ ಕೋಟಿನೊಂದಿಗೆ ಸಮವಸ್ತ್ರವಾಗಿ ತೊಡುತ್ತಿದ್ದರು. ಹೈದರಾಬಾದ್ ಸಂಸ್ಥಾನದಲ್ಲಿ ಶೇರ್ವಾನಿಯೊಂದಿಗೆ ಅದೇ ಸಭ್ಯ ಉಡುಪಾಗಿತ್ತು. 1948ರವರೆಗೆ ಆ ಸಂಸ್ಥಾನದಲ್ಲಿದ್ದ ಕಲಬುರಗಿ, ಬೀದರ್, ರಾಯಚೂರುಗಳ ಹಳೆಯ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಅಜ್ಜಂದಿರ ಛಾಯಾಚಿತ್ರಗಳಲ್ಲಿ ಅದನ್ನು ಈಗಲೂ ಕಾಣಬಹುದು. ಆ ಚಿತ್ರಗಳಲ್ಲಿ ಟೋಪಿಯು ತಲೆಗೆ ಅಳತೆ ಮಾಡಿದಂತೆ ಕುಳಿತಿರುತ್ತದೆ.

ಇನ್ನು ಕರಾವಳಿಯ ಮನೆಗಳಿಗೆ ಹೆಚ್ಚು ಪರಿಚಿತವಾದದ್ದು ಒಮಾನಿನ ಕುಮ್ಮಾ. ಗಲ್ಫ್‌ನಲ್ಲಿ ದುಡಿಯುವ ಮಕ್ಕಳು ರಜೆಯಲ್ಲಿ ಬರುವಾಗ ಅತ್ತರಿನ ಜೊತೆ ಅಬ್ಬನಿಗೊಂದು ತರುವುದು ರೂಢಿ. ಕುಮ್ಮಾದಲ್ಲಿ ಎರಡೇ ಭಾಗಗಳು: ಮೇಲಿನ ದುಂಡು ಬಿಲ್ಲೆ ಮತ್ತು ಸುತ್ತಿನ ಪಟ್ಟಿ. ಬಿಳಿಯ ಹತ್ತಿಬಟ್ಟೆಯ ಮೇಲೆ ಮಾದರಿಯನ್ನು ಬರೆದುಕೊಂಡು ಸೂಜಿಯಿಂದ ಸಣ್ಣ ಸಣ್ಣ ರಂಧ್ರಗಳನ್ನು ಮಾಡಿ, ಪ್ರತಿಯೊಂದು ರಂಧ್ರದ ಅಂಚಿಗೂ ನೂಲಿನ ಹೊಲಿಗೆ ಹಾಕುತ್ತಾರೆ. ಕೈಯಿಂದ ಮಾಡಿದ ಒಂದು ಒಳ್ಳೆಯ ಕುಮ್ಮಾಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಆ ರಂಧ್ರಗಳು ಕೇವಲ ಚಂದಕ್ಕಾಗಿ ಇರುವುದಲ್ಲ. ಮರುಭೂಮಿಯ ಸೆಕೆಯಲ್ಲಿ ತಲೆಗೆ ಗಾಳಿ ಬರುವುದು ಅವುಗಳಿಂದಲೇ. ಸಮುದ್ರದಾಚೆಯ ಝಾಂಝಿಬಾರ್‌ನಲ್ಲಿ ಕೊಫಿಯಾ ಎಂಬ ಹೆಸರಿನಲ್ಲಿ ಇದೇ ಟೋಪಿ ಇದೆ; ಎರಡೂ ಒಂದೇ ಸುಲ್ತಾನರ ಆಳ್ವಿಕೆಯಲ್ಲಿದ್ದ ಕಾಲದ ನೆನಪದು.

ಈಗ ಒಮಾನಿನ ಮಾರುಕಟ್ಟೆಗಾಗಿ ಉತ್ತರ ಬಾಂಗ್ಲಾದೇಶದ ಹಳ್ಳಿಗಳ ಮಹಿಳೆಯರು ಇಂತಹ ಟೋಪಿಗಳನ್ನು ಮನೆಯಲ್ಲಿ ಕುಳಿತು ಹೊಲಿಯುತ್ತಾರೆ. ಅರಿಯಾನಾದಲ್ಲಿಯೂ ಒಮಾನಿನಲ್ಲಿಯೂ ಬಾಂಗ್ಲಾದಲ್ಲಿಯೂ ಪುರುಷರ ತಲೆಯ ಶೋಭೆ ಬಹುಮಟ್ಟಿಗೆ ಸ್ತ್ರೀಯರ ಕಣ್ಣು ಮತ್ತು ಬೆರಳುಗಳ ದುಡಿಮೆ. ಕೂಲಿಯವನ ಬೆವರು ಆರುವ ಮೊದಲು ಅವನ ಕೂಲಿಯನ್ನು ಕೊಡಬೇಕೆಂದು ಪ್ರವಾದಿ(ಸ) ಕಲಿಸಿದ್ದನ್ನು ನಾವು ಜುಮಾ ಖುತ್ಬಾಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಹಾಗಿದ್ದೂ ಕೈಹೊಲಿಗೆಯ ಟೋಪಿಯನ್ನು ಹಿಡಿದು, ಬಟ್ಟೆಯ ತುಂಡಿಗೆ ಇಷ್ಟೊಂದು ಬೆಲೆಯೇ ಎಂದು ಚೌಕಾಶಿಗಿಳಿಯುತ್ತೇವೆ. ಮೊಬೈಲಿನ ಕವಚಕ್ಕೆ ಅಷ್ಟೇ ಹಣವನ್ನು ಮರುಮಾತಿಲ್ಲದೆ ಕೊಟ್ಟು ಬರುವವರೂ ನಾವೇ.

ಬೆಲೆ ಹೆಚ್ಚಿದ್ದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಕಾಶ್ಮೀರದಲ್ಲಿಯೂ ಅಫ್ಘಾನಿಸ್ತಾನದಲ್ಲಿಯೂ ಗಣ್ಯರು ತೊಡುವ ಕರಾಕುಲ್ ಟೋಪಿಯನ್ನು ನೋಡಿ. ನಮ್ಮಲ್ಲಿ ಅದಕ್ಕೆ ಜಿನ್ನಾ ಟೋಪಿ ಎಂಬ ಹೆಸರೂ ಇದೆ. ಅದರ ಸುರುಳಿಗೂದಲಿನ ತೊಗಲು ಹುಟ್ಟಿ ಒಂದೆರಡು ದಿನಗಳಾದ ಕುರಿಮರಿಯದು. ದಿನ ಕಳೆದಂತೆ ಸುರುಳಿ ಬಿಚ್ಚಿಕೊಳ್ಳುವುದರಿಂದ ಆಗಲೇ ಕೊಲ್ಲುತ್ತಾರೆ. ಇನ್ನೂ ನಯವಾದದ್ದು ಬೇಕೆಂದು ಗಬ್ಬದ ಕುರಿಯನ್ನೇ ಕಡಿದು ಹುಟ್ಟದ ಮರಿಯ ತೊಗಲನ್ನು ತೆಗೆಯುವುದೂ ಇದೆ. ಹೊಲಿಗೆಯ ಕೌಶಲದಲ್ಲಿ ಆ ಟೋಪಿಗೆ ಕೊರತೆಯಿಲ್ಲ. ಆದರೆ ಎಲ್ಲ ಕಾರ್ಯಗಳಲ್ಲೂ ಇಹ್ಸಾನ್ ಅನ್ನು ವಿಧಿಸಿದ ಹದೀಸ್, ಪ್ರಾಣಿಯನ್ನು ಝಬಹ್ ಮಾಡುವಾಗಲೂ ಅದಕ್ಕೆ ಹಿಂಸೆಯಾಗದಂತೆ ನೋಡಿಕೊಳ್ಳಬೇಕೆಂದು ಬಿಡಿಸಿ ಹೇಳಿದೆ. ಮಾಂಸದ ಅಗತ್ಯಕ್ಕಲ್ಲದೆ ಕೇವಲ ತಲೆಯ ಮೆರುಗಿಗಾಗಿ ಎರಡು ದಿನದ ಮರಿಯನ್ನು ಕೊಲ್ಲುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಯಾರಾದರೂ ಉಡುಗೊರೆಯಾಗಿ ಕೊಟ್ಟರೂ ನಾನು ತೊಡಲಾರೆ.

ಇಲ್ಲಿಯೇ ಇನ್ನೊಂದು ಮಾತು. ಒಳ್ಳೆಯ ಟೋಪಿಯನ್ನು ಕಾಣಲು ಸಮುದ್ರ ದಾಟಲೇಬೇಕೆಂದಿಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೆಲಸಗಾರರು ತೊಡುವ ಮುಟ್ಟಾಳೆಯನ್ನು ನೋಡಿದವರಿಗೆ ಗೊತ್ತು: ತಾನಾಗಿ ಉದುರಿದ ಅಡಿಕೆ ಹಾಳೆಯನ್ನು ನೀರಿನಲ್ಲಿ ಮೆದುಗೊಳಿಸಿ, ಮಡಚಿ, ಹೊಲಿದು ಮಾಡಿದ ಅದು ಬಿಸಿಲನ್ನು ತಡೆಯುತ್ತದೆ, ಹೊರೆ ಹೊರುವಾಗ ತಲೆಗೆ ಆಸರೆಯಾಗುತ್ತದೆ. ಅದಕ್ಕೆ ಖರ್ಚಿಲ್ಲ, ಮಾಡುವ ಕೈಗೆ ಜಾಣ್ಮೆ ಬೇಕು.

ಒಳ್ಳೆಯ ಟೋಪಿಯ ಆಸೆ ಅಹಂಕಾರಕ್ಕೆ ದಾರಿಯಾಗದೇ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇದೇ ಪ್ರಶ್ನೆಯನ್ನು ಪ್ರವಾದಿ(ಸ)ರವರ ಮುಂದೆ ಒಬ್ಬ ವ್ಯಕ್ತಿ ಇಟ್ಟಿದ್ದನು: ತನ್ನ ಬಟ್ಟೆ ಮತ್ತು ಪಾದರಕ್ಷೆ ಚೆನ್ನಾಗಿರಬೇಕೆಂದು ಒಬ್ಬನು ಬಯಸಿದರೆ ಅದು ಅಹಂಕಾರವೇ ಎಂದು. ಅಲ್ಲಾಹನು ಸ್ವತಃ ಸುಂದರನು, ಸೌಂದರ್ಯವನ್ನು ಮೆಚ್ಚುವವನು ಎಂದು ಉತ್ತರಿಸಿದ ಪ್ರವಾದಿ(ಸ), ಸತ್ಯವನ್ನು ತಿರಸ್ಕರಿಸುವುದನ್ನೂ ಜನರನ್ನು ಕೀಳಾಗಿ ಕಾಣುವುದನ್ನೂ ಅಹಂಕಾರವೆಂದು ವಿವರಿಸಿದರು. ಹರಿದ ಟೋಪಿ ತೊಟ್ಟವನು ಚೆನ್ನಾಗಿ ಉಟ್ಟವನನ್ನು ಲೌಕಿಕನೆಂದು ತುಚ್ಛವಾಗಿ ಕಂಡರೆ ಆ ಅಹಂಕಾರ ಯಾರ ತಲೆಯಲ್ಲಿದೆ? ಇಮಾಮ್ ಅಬೂಹನೀಫಾ(ರ) ರವರು ಬಟ್ಟೆಯ ವ್ಯಾಪಾರಿಯಾಗಿದ್ದರು. ದೋಷವಿದ್ದ ಒಂದು ಬಟ್ಟೆಯನ್ನು ಪಾಲುದಾರರು ದೋಷ ತಿಳಿಸದೆ ಮಾರಿದರೆಂದು ಗೊತ್ತಾದಾಗ ಬಂದ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಚರಿತ್ರೆಯಲ್ಲಿ ಹೇಳಲಾಗಿದೆ. ಬಟ್ಟೆಯ ಗುಣದೋಷ ಬಲ್ಲವರೇ ಅಂತಹ ಪ್ರಾಮಾಣಿಕತೆಯನ್ನು ತೋರಬಲ್ಲರು.

ಜೇಬಿನ ಟೋಪಿಗೆ ಇನ್ನೊಂದು ಕಾರಣವಿದೆ, ಅದನ್ನು ಹೇಳದೆ ಈ ಲೇಖನ ಪ್ರಾಮಾಣಿಕವಾಗದು. ದೂರದ ರೈಲು ಹತ್ತುವ ಮಗನಿಗೆ, ಸಂದರ್ಶನಕ್ಕೆ ಹೊರಟ ತಮ್ಮನಿಗೆ, ಟೋಪಿ ತೆಗೆದು ಜೇಬಿಗೆ ಹಾಕಿಕೋ ಮಗಾ ಎಂದು ಮೆಲ್ಲನೆ ಹೇಳುವ ತಾಯಂದಿರು ನಮ್ಮ ಮನೆಗಳಲ್ಲಿದ್ದಾರೆ. ಆ ಮಾತಿನ ಹಿಂದಿನ ಭಯವನ್ನು ಹೊರಗಿನಿಂದ ಟೀಕಿಸುವುದು ಸುಲಭ. ಕಡ್ಡಾಯವಲ್ಲದ ಒಂದು ವಸ್ತುವಿಗಾಗಿ ಮಗನು ಅಪಾಯವನ್ನು ಎದುರಿಸಲೆಂದು ಯಾವ ತಾಯಿಯೂ ಬಯಸುವುದಿಲ್ಲ, ಧರ್ಮವೂ ಅದನ್ನು ಕೇಳುವುದಿಲ್ಲ. ಆದರೆ ರೈಲಿನಲ್ಲಿ ಆರಂಭವಾದ ಆ ಅಭ್ಯಾಸ ನಮ್ಮದೇ ಬೀದಿಯಲ್ಲಿ, ನಮ್ಮದೇ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ, ನೆರೆಯ ಹಿಂದೂ ಗೆಳೆಯನ ಮದುವೆಯಲ್ಲಿಯೂ ಮುಂದುವರಿಯುತ್ತಿದೆ. ಅಲ್ಲಿ ಯಾವ ಭಯವೂ ಇಲ್ಲ, ಸಂಕೋಚ ಮಾತ್ರ ಇದೆ. ಮಾಸಿದ, ನಲುಗಿದ ಟೋಪಿಯನ್ನು ತೊಟ್ಟು ನಾಲ್ಕು ಜನರ ನಡುವೆ ಕುಳಿತುಕೊಳ್ಳಲು ಯಾರಿಗಾದರೂ ಸಂಕೋಚವಾಗುವುದೇ. ತಲೆಗೆ ಸರಿಯಾಗಿ ಕುಳಿತ, ಶುಭ್ರವಾದ, ಅಂಗಿಗೆ ಒಪ್ಪುವ ಟೋಪಿಯಾದರೆ ಅದನ್ನು ತೆಗೆಯಬೇಕೆಂದು ಅನ್ನಿಸುವುದೇ ಕಡಿಮೆ. ನೋಡುವವರಿಗೂ ಅದು ಒಬ್ಬ ಸಭ್ಯ ಮನುಷ್ಯನ ಉಡುಪಿನ ಭಾಗವಾಗಿಯೇ ಕಾಣುತ್ತದೆ. ಪ್ರಯಾಣದಲ್ಲಿ ಮಡಚಲೇಬೇಕೆನ್ನುವವರಿಗೆ ಉಝ್ಬೆಕಿಸ್ತಾನದ ದೊಪ್ಪಿ ಒಂದು ಪಾಠ. ಚುಸ್ತ್ ಪಟ್ಟಣದ ಕರಿಯ ದೊಪ್ಪಿಯ ಮೇಲೆ ಬಿಳಿಯ ದಾರದಲ್ಲಿ ನಾಲ್ಕು ಮೆಣಸಿನಕಾಯಿಯ ಆಕೃತಿಗಳಿರುತ್ತವೆ. ಹೊಲಿಗೆಯ ಸಾಲುಗಳ ನಡುವೆ ಹೊಸೆದ ಕಾಗದದ ಅಥವಾ ಹತ್ತಿಯ ಬತ್ತಿಗಳನ್ನು ತೂರಿಸಿ ಅದನ್ನು ಗಟ್ಟಿಗೊಳಿಸುತ್ತಾರೆ. ಆದರೂ ನಾಲ್ಕು ಮೂಲೆಗಳಲ್ಲಿ ಮಡಚಿದರೆ ಅದು ಪುಸ್ತಕದಂತೆ ಚಪ್ಪಟೆಯಾಗುತ್ತದೆ, ಬಿಡಿಸಿದರೆ ಮತ್ತೆ ಮೊದಲಿನಂತೆ ನಿಲ್ಲುತ್ತದೆ.

ಈದ್‌ಗೆ ಟೋಪಿ ಕೊಳ್ಳಲು ಹೋಗುವವರು ಹುಬ್ಬಿನಿಂದ ಒಂದು ಬೆರಳು ಮೇಲೆ, ಕಿವಿಗಳ ಮೇಲ್ಭಾಗದಿಂದ ಹಾಯುವಂತೆ ತಲೆಯ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ಅಳೆದುಕೊಂಡು ಹೋಗಲಿ. ಅಂಗಡಿಯಲ್ಲಿ ಟೋಪಿಯನ್ನು ಮೊದಲು ಒಳಮುಖವಾಗಿ ತಿರುಗಿಸಿ ನೋಡಬೇಕು. ಕೆಟ್ಟ ಕೆಲಸ ಅಡಗುವುದು ಅಲ್ಲಿಯೇ. ದಾರದ ಬಾಲಗಳು ನೇತಾಡುತ್ತಿವೆಯೇ, ಬಿಲ್ಲೆ ಮತ್ತು ಪಟ್ಟಿ ಕೂಡುವಲ್ಲಿ ನೆರಿಗೆ ಬಿದ್ದಿದೆಯೇ, ಬೆವರು ಹೀರುವ ಹತ್ತಿಯ ಪಟ್ಟಿ ಇದೆಯೇ ಎಂದು ಗಮನಿಸಬೇಕು. ಬೆಳೆಯುವ ಮಕ್ಕಳಿಗೆ ದುಬಾರಿಯದು ಬೇಡ, ಆದರೆ ಅಳತೆಯದು ಬೇಕು. ಕಿವಿಯವರೆಗೆ ಇಳಿದ ಟೋಪಿಯನ್ನು ಮದ್ರಸಾದ ದಾರಿಯುದ್ದಕ್ಕೂ ಮೇಲೆತ್ತಿಕೊಳ್ಳುತ್ತ ನಡೆದ ಹುಡುಗನಿಗೆ ದೊಡ್ಡವನಾದ ಮೇಲೆ ಅದರ ಮೇಲೆ ಪ್ರೀತಿ ಉಳಿಯುವುದು ಕಷ್ಟ. ಜಮಾಅತ್ ಸಮಿತಿಗಳು ಪ್ಲಾಸ್ಟಿಕ್ ಬುಟ್ಟಿಯನ್ನು ತೆಗೆದು, ಅತಿಥಿಗಳಿಗಾಗಿ ಮೂರು ಅಳತೆಗಳ ಒಂದೆರಡು ಡಜನ್ ಹತ್ತಿಯ ಟೋಪಿಗಳನ್ನು ಮೊಹಲ್ಲಾದ ಮನೆಗಳಲ್ಲಿ ಹೊಲಿಗೆ ಮಾಡುವ ಸಹೋದರಿಯರಿಂದಲೇ ಹೊಲಿಸಿ, ವಾರಕ್ಕೊಮ್ಮೆ ಒಗೆಸುವ ಏರ್ಪಾಡು ಮಾಡಲಿ. ಮಸೀದಿಗೆ ಅದು ಹೊರೆಯಾಗದು, ಒಂದೆರಡು ಮನೆಗಳಿಗೆ ಆದಾಯವೂ ಆದೀತು.

ಹತ್ತಿಯ ಟೋಪಿಯನ್ನು ತಣ್ಣೀರಿನಲ್ಲಿ ಕೈಯಿಂದಲೇ ಒಗೆಯಬೇಕು, ವಾಷಿಂಗ್ ಮೆಷಿನ್‌ಗೆ ಹಾಕಬಾರದು. ಹಿಂಡದೆ, ತೆಳ್ಳಗಿನ ಅನ್ನದ ಗಂಜಿಯಲ್ಲಿ ಅದ್ದಿ, ತಲೆಯ ಅಳತೆಗೆ ಸರಿಹೋಗುವ ಒಂದು ಪಾತ್ರೆಯನ್ನು ಬೋರಲು ಹಾಕಿ ಅದರ ಮೇಲೆ ಕೂರಿಸಿ ನೆರಳಿನಲ್ಲಿ ಒಣಗಿಸಿದರೆ ಸಾಕು. ಗುರುವಾರ ಸಂಜೆ ಇಟ್ಟರೆ ಜುಮಾದ ಹೊತ್ತಿಗೆ ಸಿದ್ಧವಾಗಿರುತ್ತದೆ. ಮಳೆಗಾಲದಲ್ಲಿ ಮಾತ್ರ ಬುಧವಾರವೇ ಇಡಬೇಕಾದೀತು.